ಉಂಡಿ ಮಡಿ ಕಲಿತದ್ದು, ಬಿಟ್ಟದ್ದು

ಇವರು ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿನ ಒಳಚಿಲಕ ತೆಗೆದ ದಿನ, ನಾನು ರೋಗಿ ಎನ್ನುವುದು ನನಗೆ ನಿಜವಾಗಿ ತಿಳಿಯಿತು. ಅದಕ್ಕೆ ಮೊದಲೇ ಆಸ್ಪತ್ರೆ, ಸ್ಕ್ಯಾನು, ತಲೆಗೆಲ್ಲ ಅಂಟು ಹಚ್ಚಿ ವೈರು ಜೋಡಿಸುವ ಪರೀಕ್ಷೆ ಎಲ್ಲ ಮುಗಿದಿದ್ದವು. ಆದರೆ ಅದೆಲ್ಲ ಬೇರೆ ಯಾರದೋ ಮನೆಯ ಕಾರ್ಯಕ್ಕೆ ಹೋಗಿ ಬಂದ ಹಾಗಿತ್ತು. ಚಿಲಕ ಹೋದ ಮೇಲೆ, ನಾನು ಸ್ನಾನಕ್ಕೆ ಹೋದರೆ ಅತ್ತೆ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಸ್ತೋತ್ರ ಹೇಳುತ್ತ ಕೂಡತೊಡಗಿದರು. ನಡುನಡುವೆ ಸ್ತೋತ್ರ ನಿಲ್ಲುತ್ತಿತ್ತು.

"ಸುಮಾ, ಇದ್ದೀಯೇನು?"

"ಇದ್ದೀನ್ರಿ ಅತ್ಯಾ."

"ನೀರಿನ ಸಪ್ಪಳ ಬರವಲ್ತು."

"ಸಾಬಾಣ ಹಚ್ಚಿಕೊಳ್ಳಿಕತ್ತೀನ್ರಿ."

"ಹಚ್ಚಿಕೋ, ಹಚ್ಚಿಕೋ. ಮಾತಾಡಕೋತ ಹಚ್ಚಿಕೋ."

ನಾವು ಧಾರವಾಡದ ಕಡೆಯವರು. ಇವರದು ಕೇಂದ್ರ ಸರಕಾರದ ನೌಕರಿ. ಬಂಗಾಳಕ್ಕೆ ವರ್ಗವಾಗಿ ಟಾಲಿಗಂಜಿನ ಈ ಫ್ಲ್ಯಾಟಿಗೆ ಬಂದಾಗ ತೊಡೆಯ ಮೇಲಿದ್ದ ಮಗಳು ಶ್ರೇಯಾ ಈಗ ಕಾಲೇಜಿಗೆ ಹೋಗುತ್ತಾಳೆ. ಮೊದಲ ಸಲ ಬಿದ್ದಾಗ ನಾನು ಒಲೆಯ ಮುಂದಿದ್ದೆ. ಸಾಸಿವೆ ಸಿಡಿದದ್ದು ನೆನಪಿದೆ. ಆಮೇಲೆ ನೆನಪಿರುವುದು ಬಿಲ್ಡಿಂಗಿನವರೆಲ್ಲ ಬೌದಿ, ಅಂದರೆ ಅತ್ತಿಗೆ, ಎನ್ನುವ ಎದುರು ಫ್ಲ್ಯಾಟಿನ ಶಿಖಾ ಬೌದಿಯ ಮುಖ, ಹಣೆಯ ದೊಡ್ಡ ಕುಂಕುಮ. ನಡುವೆ ಏನೂ ಇಲ್ಲ. ನಿದ್ದೆ ಮಾಡಿ ಎದ್ದರೆ ನಿದ್ದೆ ಬಂದಿತ್ತೆಂದಾದರೂ ಗೊತ್ತಿರುತ್ತದೆ. ಇದು ಪುಸ್ತಕದ ನಡುವಿನ ಹಾಳೆ ಹರಿದುಕೊಂಡು ಹೋದ ಹಾಗೆ. ನಾಲಿಗೆ ಕಚ್ಚಿ ರಕ್ತ ಬಂದಿತ್ತು. ಮುಷ್ಟಿಯಲ್ಲಿ ಅತ್ತೆ ತುರುಕಿದ ಕಬ್ಬಿಣದ ಕೀಲಿಕೈ ಇತ್ತು. ಆ ದಿನ ಶ್ರೇಯಾ ಕ್ಲಾಸು ರದ್ದಾಗಿ ಮನೆಯಲ್ಲಿದ್ದಳು, ಓಡಿ ಬಂದು ಗ್ಯಾಸ್ ಆರಿಸಿದಳು. ದೇವರ ದಯೆಯನ್ನು ನಾನು ಅಲ್ಲಿಂದ ಎಣಿಸಲು ಶುರುಮಾಡಿದೆ.

ಡಾಕ್ಟರು ಮೆಲ್ಲಗೆ ಮಾತಾಡುವ ವಯಸ್ಸಾದ ಬಂಗಾಳಿ. ಕೀಲಿಕೈಯ ಸುದ್ದಿ ಕೇಳಿ ನಕ್ಕು, ಇನ್ನು ಮೇಲೆ ಅದನ್ನು ಬೀಗಕ್ಕೇ ಇಟ್ಟುಕೊಳ್ಳಿ ಎಂದರು. ಆಮೇಲೆ ರೋಗದ ಹೆಸರು ಹೇಳಿದರು. ಮನೆಗೆ ಬಂದ ಮೇಲೆ ಅತ್ತೆ ಮಗನನ್ನು ಕೇಳಿದರು.

"ಎಪಿಲೆಪ್ಸಿ ಅಂದ್ರ?"

"ಫಿಟ್ಸ್, ಅಮ್ಮಾ."

ಅತ್ತೆ ಎದ್ದು ಹೋಗಿ ಹೊರಬಾಗಿಲು ಮುಚ್ಚಿ ಬಂದರು. ಆಮೇಲೆ, "ಯಾರ ಮುಂದೂ ಹೇಳಬ್ಯಾಡ್ರಿ. ಹುಡುಗಿ ಲಗ್ನ ಆಗೂತನಕಾ ಬಾಯಿ ಬಿಡಬ್ಯಾಡ್ರಿ" ಎಂದರು.

"ಅಜ್ಜೀ, ನಾನಿನ್ನೂ ಸೆಕೆಂಡ್ ಇಯರ್" ಎಂದಳು ಶ್ರೇಯಾ. "ಅಲ್ಲೀತನಕ ಅಮ್ಮಾ ಬಿದ್ರ ಏನ್ ಹೇಳೂದು? ಯೋಗಾ ಮಾಡ್ಲಿಕತ್ತಾಳ ಅಂತನಾ?"

ಅತ್ತೆಗೂ ನಗು ಬಂತು. ಆದರೆ ಊರಿಗೆ ಫೋನ್ ಮಾಡಿದಾಗ ನನಗೆ 'ಶಕ್ತಿ ಕಮ್ಮಿ' ಆಗಿದೆ ಎಂದೇ ಹೇಳಿದರು. ಊರಿನಿಂದ ಡಬ್ಬಿಗಟ್ಟಲೆ ಅಂಟಿನುಂಡಿ ಬಂದವು.

ಮೊದಲ ಗುಳಿಗೆಗೆ ಮೈಯೆಲ್ಲ ಕೆಂಪು ದದ್ದು ಎದ್ದಿತು. ಎರಡನೆಯದು ಒಗ್ಗಿತು. ಆದರೆ ಅದು ನನ್ನ ಬಾಯಿಂದ ಶಬ್ದಗಳನ್ನು ಕದಿಯತೊಡಗಿತು. ಕರಿಬೇವು ಎನ್ನಲು ಹೋಗಿ, ಆ ಹಸಿರು, ಆ ಎಲಿ, ಎಂದು ಕೈ ಆಡಿಸುತ್ತ ನಿಲ್ಲುತ್ತಿದ್ದೆ. ಮೂರನೆಯದನ್ನು ಜೊತೆಗೆ ಸೇರಿಸಿದ ಮೇಲೆ ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಹೇಳದೆ ಬರುವ ನೆಂಟರ ಹಾಗೆ, ಇವತ್ತು ಬರಲಿಕ್ಕಿಲ್ಲ ಎಂದುಕೊಂಡ ದಿನವೇ ಬರುತ್ತಿತ್ತು.

ಹಾಗಾಗಿ ನನ್ನನ್ನು ಒಬ್ಬಳೇ ಬಿಡುವಂತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮೂವರೂ ಮರುದಿನದ ಪಾಳಿ ಹಂಚಿಕೊಳ್ಳುತ್ತಿದ್ದರು. ನಾಳೆ ನಾನು ತಡವಾಗಿ ಹೋಗ್ತೀನಿ, ಮಧ್ಯಾಹ್ನ ಶ್ರೇಯಾ ಬರಲಿ, ನಡುವೆ ಅಮ್ಮ ಇರಲಿ. ನಾನು ಅನ್ನ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಅತ್ತೆಗೆ ಮೊಣಕಾಲು ನೋವು, ಆದರೂ ನನ್ನ ಹಿಂದೆ ಅಡಿಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಬರುವರು. ನಾನು ಎದ್ದರೆ ಎಲ್ಲರೂ ತಲೆ ಎತ್ತುವರು. ಚಮಚ ಕೈಜಾರಿ ಬಿದ್ದರೆ ಮೂರು ಕಡೆಯಿಂದ ಓಡಿಬರುವರು. ಅದು ಪ್ರೀತಿ, ನನಗೆ ಗೊತ್ತು. ಆದರೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ದಿನ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು, ಈ ಮನೆಯಲ್ಲಿ ನಾನೊಬ್ಬಳೇ ಇರಬೇಕು.

ಆಸ್ಪತ್ರೆಯ ಕಾಯುವ ಜಾಗದಲ್ಲಿ ಒಂದು ದಿನ ಪಕ್ಕದ ಕುರ್ಚಿಯ ಹೆಂಗಸು ನನ್ನ ಕೈಯಲ್ಲಿದ್ದ ಗುಳಿಗೆಯ ಪಟ್ಟಿಯನ್ನು ನೋಡಿ ಬಂಗಾಳಿಯಲ್ಲಿ ಮೆಲ್ಲಗೆ ಕೇಳಿದಳು: "ಆಪ್ನಾರೋ?" ನಿಮಗೂನಾ? ಅವಳ ಜೊತೆಗಿದ್ದ ಶಾಲೆಯ ಹುಡುಗಿ ತಲೆಗೆ ಮೆತ್ತನೆಯ ಟೊಪ್ಪಿಗೆ ಹಾಕಿಕೊಂಡು ಚಿತ್ರ ಬರೆಯುತ್ತಿದ್ದಳು. ನಾನು ಹೌದೆಂದೆ. ಮನೆಯ ಹೊರಗೆ ನಾನು ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅವಳು ಪಾಪ ಎನ್ನಲಿಲ್ಲ, ಮುರಮುರಿಯ ಪೊಟ್ಟಣ ಮುಂದೆ ಹಿಡಿದಳು. ಒಂದು ಹಿಡಿ ತೆಗೆದುಕೊಂಡೆ. ಬರೆಯುತ್ತಿದ್ದ ಚಿತ್ರ ನಾಯಿಯದು. ಹುಡುಗಿ ಬಿದ್ದರೆ ಅವರ ಮನೆಯ ನಾಯಿ ಹೋಗಿ ಗಂಟೆ ಒತ್ತುತ್ತದಂತೆ. ಕಲಿಸಿದವರು ನ್ಯೂ ಟೌನಿನ ಮಿತಾಲಿದಿ ಎಂಬುವವರು.

ನಾಯಿ ಎಂದೊಡನೆ ಅತ್ತೆ, "ದೇವರ ಮನಿ ಇದ್ದ ಮನ್ಯಾಗ?" ಎಂದರು. ಇವರು, "ದೇವರ ಮನಿಗೆ ಬಾಗಿಲಾ ಅದ ಅಲ್ಲಾ, ಹಾಕ್ಕೊಂಡ್ರಾತು" ಎಂದರು. ಒಂದು ವಾರ ಮಾತು ಹಾಗೇ ಓಡಿತು. ಕೊನೆಗೆ ಅತ್ತೆಯನ್ನು ಒಪ್ಪಿಸಿದ್ದು ಅವರ ಮೊಣಕಾಲೇ.

ಮಿತಾಲಿದಿ ಹಿಂದಿಯಲ್ಲಿ ಮಾತಾಡುತ್ತಿದ್ದರು, ನಾನು ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಮೊದಲ ದಿನವೇ ಅವರು ಹೇಳಿದರು, "ಬೀಳುವ ಮೊದಲೇ ನಾಯಿ ಹೇಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ನಾಯಿಗಳಿಗೆ ಅದು ತಾನಾಗಿ ಬರುತ್ತದೆ, ನಾನು ಕಲಿಸಲಾರೆ. ಬಿದ್ದ ಮೇಲೆ ಏನು ಮಾಡಬೇಕೋ ಅದನ್ನು ಕಲಿಸಬಲ್ಲೆ. ಅದೂ ಎಲ್ಲ ನಾಯಿಗೂ ಅಲ್ಲ."

ಅವರ ಪರಿಚಯದವರ ಮನೆಯಲ್ಲಿ ಲ್ಯಾಬ್ರಡಾರ್ ಮರಿಗಳಿದ್ದವು. ನೆಲದ ಮೇಲೆ ಕೂತ ತಕ್ಷಣ ಒಂದು ಮರಿ ಬಂದು ನನ್ನ ಸೆರಗಿನಲ್ಲಿ ಮೂತಿ ಹುದುಗಿಸಿ ಮಲಗಿತು. ನನ್ನ ಕಣ್ಣು ತುಂಬಿತು. ಇದೇ ಸಾಕು, ಇದೇ ನನ್ನನ್ನು ಆರಿಸಿದೆ ಎಂದೆ. ಮಿತಾಲಿದಿ ತಲೆ ಅಲ್ಲಾಡಿಸಿದರು. "ಅದು ನಿಮ್ಮನ್ನು ಆರಿಸಿಲ್ಲ. ಗಲಾಟೆಗೆ ಹೆದರಿ ಅಡಗಲು ಜಾಗ ಹುಡುಕಿದೆ." ಆಮೇಲೆ ಅವರು ಒಂದು ಸ್ಟೀಲಿನ ಮುಚ್ಚಳವನ್ನು ನೆಲಕ್ಕೆ ಬಿಟ್ಟರು. ನನ್ನ ಸೆರಗಿನ ಮರಿ ಇನ್ನೂ ಒಳಗೆ ತೂರಿತು. ಇನ್ನೊಂದಕ್ಕೆ ಪರಿವೆಯೇ ಇಲ್ಲ, ತನ್ನ ಪಾಡಿಗೆ ಚಪ್ಪಲಿ ಕಡಿಯುತ್ತಿತ್ತು. ಮೂರನೆಯದು ಬೆಚ್ಚಿ ಮೂಲೆಗೆ ಓಡಿತು, ನಿಂತಿತು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತಿರುಗಿ ಬಂದು ಮುಚ್ಚಳವನ್ನು ಮೂಸಿತು. ಎತ್ತಿ ಅಂಗಾತ ಹಿಡಿದರೆ ಸ್ವಲ್ಪ ಒದ್ದಾಡಿ, ಆಮೇಲೆ ಮಿತಾಲಿದಿಯ ಮುಖವನ್ನೇ ನೋಡುತ್ತ ಸುಮ್ಮನಾಯಿತು.

"ಇದು," ಎಂದರು ಅವರು. "ಹೆದರದ ನಾಯಿ ನನಗೆ ಬೇಡ, ಅದು ನಿಮ್ಮ ಕಡೆ ನೋಡುವುದೇ ಇಲ್ಲ. ಹೆದರಿ ಹಿಂತಿರುಗಿ ಬರುವ ನಾಯಿ ಬೇಕು. ಆದರೆ ಇಂಥದು ಕಲಿಸಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇಕಾದದ್ದನ್ನೂ, ಬೇಡದ್ದನ್ನೂ."

ಈ ಕೊನೆಯ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಸನ್ ಉಂಡಿಯ ಬಣ್ಣ, ಅದೇ ದುಂಡು. ಉಂಡಿ ಎಂದೇ ಹೆಸರಿಟ್ಟೆವು. ಅದು ಬಂದದ್ದು ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುವ ದಿನಗಳಲ್ಲಿ. ಮರಿಯ ಈ ವಾರಗಳು ಹಸಿ ಸಿಮೆಂಟಿನ ಹಾಗೆ, ಈಗ ಏನು ಒತ್ತುತ್ತೀರೋ ಅದೇ ಉಳಿಯುತ್ತದೆ ಎಂದು ಹೇಳಿ ಮಿತಾಲಿದಿ ನಮಗೆ ಕೆಲಸ ಹಚ್ಚಿದರು. ಚುಚ್ಚುಮದ್ದು ಮುಗಿದಿರಲಿಲ್ಲವಾದ್ದರಿಂದ ನೆಲಕ್ಕೆ ಬಿಡುವಂತಿಲ್ಲ, ಎತ್ತಿಕೊಂಡೇ ತಿರುಗಬೇಕು. ಶ್ರೇಯಾ ಎದೆಗೆ ಜೋಳಿಗೆ ಕಟ್ಟಿಕೊಂಡಳು, ನಾನು ಅವಳ ತೋಳು ಹಿಡಿದೆ. ಮೆಟ್ರೋ ಮೆಟ್ಟಿಲು, ಆಟೋ ಸ್ಟ್ಯಾಂಡು, ಮೀನಿನ ಬಜಾರು. ಛತ್ರಿ ಬಿಚ್ಚುವುದು, ಕುಕ್ಕರ್ ಕೂಗುವುದು, ಗಡ್ಡದವರು, ಕೋಲು ಹಿಡಿದವರು. ನಾನು ಮೂಗಿಗೆ ಸೆರಗು ಒತ್ತಿಕೊಂಡು ಹೋಗುತ್ತಿದ್ದ ಮೀನಿನ ಬಜಾರಿನಲ್ಲಿ ಉಂಡಿ ಕತ್ತು ಚಾಚಿ ಮೂಸುತ್ತಿತ್ತು. ಪೆಂಡಾಲಿನಲ್ಲಿ ಢಾಕ್ ಎಂಬ ದೊಡ್ಡ ಡೋಲು ಬಾರಿಸುವವನು ಮೊದಲ ಪೆಟ್ಟು ಹಾಕಿದಾಗ ಮರಿಯ ಎದೆ ಡವಡವ ಹೊಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಢಾಕಿನ ಮೇಲೆ ಕುಣಿಯುವ ಬಿಳಿ ಗರಿಗಳನ್ನು ಕಂಡು, ಬಾಯಿ ಹಾಕಲು ಜೋಳಿಗೆಯಿಂದ ಹೊರಗೆ ಜಿಗಿಯಲು ನೋಡಿತು. ಕಾಯಿಲೆ ಬಂದ ಮೇಲೆ ನಾನು ಪೂಜೆಯ ಗುಂಪಿನೊಳಗೆ ನಿಂತದ್ದು ಅದೇ ಮೊದಲು. ಮರಿಗೆ ಊರು ತೋರಿಸುತ್ತೇನೆಂದು ಹೊರಟವಳು ನಾನೂ ಊರು ನೋಡಿದೆ. ಅದೂ ಒಂದು ದಯೆ.

ಹೊರಗಿನದನ್ನೆಲ್ಲ ಹೀಗೆ ಶಿಸ್ತಾಗಿ ಕಲಿಸಿದೆವು. ಮನೆಯೊಳಗೆ ಅದು ಕಲಿತದ್ದೇ ಬೇರೆ.

ನಮ್ಮಲ್ಲಿ ಬೆಳಗಿನ ಅಡಿಗೆ ಮಡಿಯಲ್ಲೇ ಆಗಬೇಕು. ರಾತ್ರಿ ಹಿಂಡಿ, ಬಾಲ್ಕನಿಯ ಎತ್ತರದ ಗಳಕ್ಕೆ ಕೋಲಿನಿಂದ ಹಾಕಿ ಒಣಗಿಸಿದ ಸೀರೆ ಉಟ್ಟು, ನೈವೇದ್ಯವಾಗುವವರೆಗೆ ಯಾರನ್ನೂ ಮುಟ್ಟುವಂತಿಲ್ಲ, ಗಂಡ ಮಗಳನ್ನೂ ಸಹ. ಅಂಥಾದ್ದರಲ್ಲಿ ಮರಿ ಬಾಲ ಅಲ್ಲಾಡಿಸುತ್ತ ನೆರಿಗೆಗೆ ಹಾರಿದರೆ? ಮೊದಲ ದಿನ ಅತ್ತೆ ಕೂಗಿದರು, ಹಿಂದೆಯೇ ನಾವು ಮೂವರೂ ಕೂಗಿದೆವು, "ಮಡಿ, ಮಡಿ." ಮರಿ ಹೆದರಿ ಸೋಫಾದ ಕೆಳಗೆ ಹೋಯಿತು. ಕೆಲವೇ ದಿನಗಳಲ್ಲಿ ಕೂಗುವ ಅಗತ್ಯವೂ ಉಳಿಯಲಿಲ್ಲ. ನಾನು ಆ ಹಳದಿ ಮಡಿಸೀರೆಯಲ್ಲಿ ಬಂದರೆ ಸಾಕು, ಉಂಡಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಡಿಗೆಮನೆಯ ಹೊಸ್ತಿಲಾಚೆ ಮುಂಗಾಲು ಜೋಡಿಸಿ ಕೂತುಬಿಡುತ್ತಿತ್ತು. ನೈವೇದ್ಯವಾಗಿ ನಾನು ಸೀರೆ ಬದಲಿಸಿ ಬಂದ ಮೇಲೆಯೇ ಕುಣಿತ.

ಅತ್ತೆಯ ಹೆಮ್ಮೆಗೆ ಮಿತಿ ಇರಲಿಲ್ಲ. ಊರಿಗೆ ಫೋನ್ ಹಚ್ಚಿ, "ಹ್ವಾದ ಜನ್ಮದಾಗ ಯಾವುದೋ ಆಚಾರ್ಯರ ಮನ್ಯಾಗ ಇದ್ದದ್ದು ನೋಡ್ವಾ ಇದು. ನಮ್ಮ ಮನಿ ಗಂಡಸರಿಗೆ ಇಷ್ಟು ವರ್ಷಾ ಹೇಳಿದ್ರೂ ತಿಳೀಲಿಲ್ಲ, ಇದಕ್ಕ ಎಂಟು ದಿನದಾಗ ತಿಳೀತು" ಎನ್ನುತ್ತಿದ್ದರು. ನನಗೂ ಹೆಮ್ಮೆಯೇ. ಬಂದವರಿಗೆಲ್ಲ ತೋರಿಸುತ್ತಿದ್ದೆವು. ಮಿತಾಲಿದಿ ಬರುತ್ತಿದ್ದದ್ದು ಮಧ್ಯಾಹ್ನ, ನಾನು ಆಗ ಮಾಮೂಲಿ ನೈಟಿಯಲ್ಲಿ. ಬೆಳಗಿನ ಈ ವಿಷಯ ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೇವರ ವಿಷಯಕ್ಕೂ ನಾಯಿಯ ಪಾಠಕ್ಕೂ ಏನು ಸಂಬಂಧ?

ಉಂಡಿ ಬೆಳೆಯಿತು, ವರ್ಷ ತುಂಬುತ್ತ ಬಂತು. ಹಾಲಿನ ಗೋಡೆಗೆ, ನೆಲದಿಂದ ಗೇಣು ಎತ್ತರದಲ್ಲಿ, ದೊಡ್ಡ ಗುಂಡಿಯ ಗಂಟೆಯೊಂದನ್ನು ಹಾಕಿಸಿದೆವು. ಒತ್ತಿದರೆ ಶಿಖಾ ಬೌದಿಯ ಮನೆಯಲ್ಲಿ ಬಾರಿಸುತ್ತದೆ, ಅವರ ಹತ್ತಿರ ನಮ್ಮ ಬಾಗಿಲ ಕೀಲಿ ಇದೆ. ಪಾಠ ಹೀಗಿತ್ತು: ನಾನು ಬಿದ್ದರೆ ಉಂಡಿ ಮೊದಲು ನನ್ನ ಕೈಯನ್ನು ಮೂತಿಯಿಂದ ತಿವಿಯಬೇಕು, ನಾನು ಏಳದಿದ್ದರೆ ಹೋಗಿ ಗಂಟೆ ಒತ್ತಬೇಕು, ಮತ್ತೆ ಬಂದು ನನ್ನ ಪಕ್ಕದಲ್ಲಿ ಮಲಗಬೇಕು. ನಾನು ದಿನಾ ಮಧ್ಯಾಹ್ನ ಹಾಲಿನಲ್ಲಿ ಸುಳ್ಳುಸುಳ್ಳೇ ಬಿದ್ದು ಕೈಕಾಲು ಆಡಿಸುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ನಿಜವಾಗಿಯೇ ಬಂದಿತು. ಎಚ್ಚರಾದಾಗ ಬೌದಿ ಪಕ್ಕದಲ್ಲಿದ್ದರು, ಉಂಡಿ ನನ್ನ ತೋಳಿಗೆ ಬೆನ್ನು ಹಚ್ಚಿ ಮಲಗಿತ್ತು. ಇವರು ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ತಿರುಗಿದರು. ಇನ್ನೊಂದು ತಿಂಗಳು ನೋಡಿ ಪಾಳಿ ನಿಲ್ಲಿಸೋಣ ಎಂದು ಊಟದ ಹೊತ್ತಿಗೆ ಮಾತಾಯಿತು. ನಾನು ಮುಖದ ಮೇಲೆ ಏನೂ ತೋರಿಸದೆ ಸಾರು ಬಡಿಸಿದೆ.

ಆ ತಿಂಗಳು ಮುಗಿಯುವ ಮೊದಲೇ ಅದಾಯಿತು. ಬೆಳಿಗ್ಗೆ ಇವರು ಹೂವು ತರಲು ಹೋಗಿದ್ದರು, ಶ್ರೇಯಾ ಕಾಲೇಜಿಗೆ ಹೊರಟು ಹೋಗಿದ್ದಳು, ಅತ್ತೆ ಬಚ್ಚಲಲ್ಲಿದ್ದರು. ನಾನು ಮಡಿಯಲ್ಲಿ ಅಡಿಗೆಮನೆಯಲ್ಲಿದ್ದೆ. ಅತ್ತೆ ಹೊರಗೆ ಬಂದು ನೋಡಿದಾಗ ನಾನು ಕಟ್ಟೆಯ ಬುಡದಲ್ಲಿ ಬಿದ್ದಿದ್ದೆ, ಹುಬ್ಬಿನ ಮೇಲಿಂದ ರಕ್ತ ಹರಿಯುತ್ತಿತ್ತು. ಉಂಡಿ ಹೊಸ್ತಿಲಾಚೆ ಕೂತಿತ್ತು, ಕಲಿಸಿದ ಹಾಗೆ ಮುಂಗಾಲು ಜೋಡಿಸಿಕೊಂಡು. ಗಡಗಡ ನಡುಗುತ್ತಿತ್ತಂತೆ. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತಂತೆ. ಗಂಟೆಯ ಹತ್ತಿರ ಹೋಗಿರಲಿಲ್ಲ.

ಹುಬ್ಬಿಗೆ ಹೊಲಿಗೆ ಬಿತ್ತು. ಕಣ್ಣು ಉಳಿಯಿತು, ಒಲೆ ಆಗಲೇ ಆರಿತ್ತು. ಎರಡನ್ನೂ ಎಣಿಸಿಕೊಂಡೆ, ಆದರೆ ಮನಸ್ಸು ನಿಲ್ಲಲಿಲ್ಲ.

"ಇದು ಆಗೂ ಮಾತಲ್ಲ," ಎಂದರು ಇವರು. "ನಾಯಿ ವಾಪಸ್ ಕೊಟ್ಟುಬಿಡೋಣ. ಇಡೀ ದಿನಕ್ಕ ಒಬ್ಬ ಹೆಣ್ಣಾಳು ಇಡೋಣ. ನಿನ್ನ ಬಿಟ್ಟು ಎಲ್ಲೂ ಹೋಗಬಾರದು ಅಂತ ಹೇಳಿ."

ಅಂದರೆ ಇನ್ನೊಂದು ಜೊತೆ ಕಣ್ಣು. ನನ್ನ ಹಿಂದೆ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಉಂಡಿ ಸೋಫಾದ ಕೆಳಗಿನಿಂದ ಹೊರಗೇ ಬರಲಿಲ್ಲ, ಅನ್ನ ಮುಟ್ಟಲಿಲ್ಲ.

ಮಿತಾಲಿದಿ ಮರುದಿನ ಬಂದರು. ತಲೆಗೆ ಪಟ್ಟಿ ಇದ್ದರೂ ನನ್ನನ್ನು ಹಾಲಿನಲ್ಲಿ ಮಲಗಿಸಿ ಕೈ ಆಡಿಸಲು ಹೇಳಿದರು. ಉಂಡಿ ಸೋಫಾದ ಕೆಳಗಿನಿಂದ ಬಾಣದ ಹಾಗೆ ಬಂದು ಕೈ ತಿವಿದು, ಗಂಟೆ ಒತ್ತಿ, ಪಕ್ಕದಲ್ಲಿ ಮಲಗಿತು. ಎದುರು ಮನೆಯಿಂದ ಬೌದಿ ಓಡಿ ಬಂದು, ಇದು ಸುಳ್ಳೋ ನಿಜವೋ ಎಂದು ಕೇಳಿ ಬೈದು ಹೋದರು.

"ಪಾಠ ಮರೆತಿಲ್ಲ," ಎಂದರು ಮಿತಾಲಿದಿ. "ನಿನ್ನೆ ಬೇರೆ ಏನಿತ್ತು?"

ಏನೂ ಇರಲಿಲ್ಲ ಎಂದೆವು. ಅವರು ಮತ್ತೆ ಮತ್ತೆ ಕೇಳಿದರು. ಏನು ಬೇಯುತ್ತಿತ್ತು, ರೇಡಿಯೋ ಇತ್ತೇ, ನೆಲ ಒದ್ದೆಯಿತ್ತೇ. ಕೊನೆಗೆ ಅತ್ತೆ ತಮ್ಮ ಹರುಕು ಹಿಂದಿಯಲ್ಲಿ, "ಓ ಮಡೀ ಮೇಂ ಥೀ" ಎಂದರು.

ಮಡಿ ಎಂದರೇನೆಂದು ಶ್ರೇಯಾ ವಿವರಿಸಿದಳು. ಉಂಡಿ ಅದನ್ನು ಎಷ್ಟು ಚೆನ್ನಾಗಿ ಕಲಿತಿದೆ ಎಂದು ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಗಿ ನಿಂತುಹೋಯಿತು. ನನಗೂ ಆಗಲೇ ತಿಳಿಯಿತು, ಇವರಿಗೂ.

ಮಿತಾಲಿದಿ ಸಿಟ್ಟಾಗಲಿಲ್ಲ. ಉಂಡಿಯ ಕಿವಿ ತಿಕ್ಕುತ್ತ ಹೇಳಿದರು: "ಇವಳು ನೀವು ಹೇಳಿದ್ದನ್ನೇ ಮಾಡಿದ್ದಾಳೆ. ಮೊದಲು ಕೈ ಮುಟ್ಟು, ಆಮೇಲೆ ಗಂಟೆ ಎಂದು ನಾನು ಕಲಿಸಿದೆ. ಆ ಸೀರೆಯನ್ನು ಮುಟ್ಟಬೇಡ ಎಂದು ನೀವು ಕಲಿಸಿದಿರಿ, ಅದೂ ಹಸಿ ಸಿಮೆಂಟಿನ ದಿನಗಳಲ್ಲಿ. ಮೊದಲ ಮೆಟ್ಟಿಲೇ ಇಲ್ಲದ ಮೇಲೆ ಎರಡನೆಯದಕ್ಕೆ ಹೇಗೆ ಹೋಗುತ್ತಾಳೆ? ಹಠಮಾರಿ ನಾಯಿಯಾಗಿದ್ದರೆ ಒಂದನ್ನು ಮುರಿಯುತ್ತಿತ್ತು. ಇವಳು ಎರಡನ್ನೂ ಉಳಿಸಿಕೊಳ್ಳಲು ಹೋಗಿ ತಾನೇ ಮುರಿದುಹೋಗುತ್ತಿದ್ದಾಳೆ."

"ಬಿಡಿಸಬಹುದೇ?" ಎಂದೆ.

"ಸ್ವಭಾವ ಒಳ್ಳೆಯದು, ನೋಡಬಹುದು. ಹೊಸದು ಕಲಿಸುವುದಕ್ಕಿಂತ ಹಳೆಯದನ್ನು ಅಳಿಸುವುದು ಕಷ್ಟ. ಆ ಸೀರೆಯಲ್ಲೇ ನೀವು ಇವಳನ್ನು ಮುಟ್ಟಬೇಕು, ತಬ್ಬಬೇಕು, ದಿನಾ. ಒಮ್ಮೆ ಹೌದು, ಒಮ್ಮೆ ಇಲ್ಲ ಎಂದರೆ ಮುಗಿಯಿತು. ಚಳಿ ಬರುವುದರೊಳಗೆ ತಾನಾಗಿ ಹೊಸ್ತಿಲು ದಾಟದಿದ್ದರೆ ಈ ಕೆಲಸಕ್ಕೆ ಇವಳು ಬೇಡ. ಯಾರಾದರೂ ಪ್ರೀತಿಯಿಂದ ಸಾಕಿಕೊಳ್ಳುತ್ತಾರೆ."

ಅವರು ಹೋದ ಮೇಲೆ ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರ ಮಾತು ಬಿಡಿ, ನನ್ನದೇ ಒಂದು ಕಷ್ಟವಿತ್ತು. ಕಾಯಿಲೆ ಬಂದಾಗಿನಿಂದ ಎಲ್ಲರ ಕೈಯೂ ನನ್ನ ಮೇಲೆಯೇ. ತೋಳು ಹಿಡಿಯುವುದು, ಹಣೆ ಮುಟ್ಟುವುದು, ನಾಡಿ ನೋಡುವುದು. ಮಡಿಯ ಆ ಎರಡು ತಾಸು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ದೇವರಿಗೆ ಅಡಿಗೆ ಮಾಡುತ್ತ, ನನ್ನ ಮೈ ನನ್ನದಾಗಿರುತ್ತಿದ್ದದ್ದು ಆಗಷ್ಟೇ. ಅದನ್ನೂ ಕೊಡಬೇಕೇ? ದೇವರ ಮುಂದೆ ಕೂತು ಸರಿಯಾಗಿಯೇ ಜಗಳ ಆಡಿದೆ. ನಿನಗೆ ಶುದ್ಧವಾಗಿ ಬೇಯಿಸಿಕೊಟ್ಟದ್ದಕ್ಕೆ ನನ್ನ ಹುಬ್ಬು ಒಡೆಯಬೇಕಿತ್ತೇನು ಎಂದು ಕೇಳಿದೆ. ನಮ್ಮ ದೇವರು ಜಗಳಕ್ಕೆ ಒಗ್ಗಿದ್ದಾನೆ, ಸುಮ್ಮನೆ ಕೇಳಿಸಿಕೊಂಡ.

ಎರಡು ದಿನ ಬಿಟ್ಟು, ಹುಣಿಸೆಹಣ್ಣು ಬಿಡಿಸುತ್ತ ಅತ್ತೆ ತಾವೇ ಮಾತು ತೆಗೆದರು. "ನೀ ಮಡಿಯಾಗ ಇದ್ದಾಗ ಗುಳಗಿ ನುಂಗತೀಯಿಲ್ಲೋ?"

"ನುಂಗತೀನ್ರಿ."

"ಯಾರ್ ಮಾಡಿದ್ದೋ, ಯಾರ್ ಮುಟ್ಟಿದ್ದೋ, ಕೇಳೀವೇನು?"

"ಇಲ್ಲರಿ."

"ಔಷಧಕ್ಕ ಮೈಲಿಗಿ ಇಲ್ಲ. ಉಂಡಿನೂ ನಿನ್ನ ಔಷಧನ. ನಾಕು ಕಾಲಿನದು, ಅಷ್ಟ." ಹುಣಿಸೆಹಣ್ಣಿನ ನಾರು ಬೇರೆ ಇಟ್ಟು, "ದೇವರ ಕೋಣ್ಯಾಗ ಮಾತ್ರ ಬ್ಯಾಡ. ಅಲ್ಲಿ ನಾ ಇರತೀನಿ ನಿನ್ನ ನೋಡಲಿಕ್ಕೆ" ಎಂದರು.

ಮರುದಿನದಿಂದ ನಾನು ಹಳದಿ ಸೀರೆಯುಟ್ಟು, ಹೊಸ್ತಿಲ ಮೇಲೆ ಕೂತು ಉಂಡಿಯನ್ನು ತಬ್ಬಿಕೊಳ್ಳತೊಡಗಿದೆ. ಹಾಲಿನ ಕಡೆ ಕೂತರೆ ಬರುತ್ತಿತ್ತು, ಮೈ ಬಿಗಿಹಿಡಿದುಕೊಂಡು, ಕಿವಿ ಹಿಂದೆ ಮಾಡಿಕೊಂಡು. ಅಡಿಗೆಮನೆಯೊಳಗೆ ನಾನು ಬಿದ್ದು ಮಲಗಿದರೆ ಮಾತ್ರ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಒಂದು ಕಾಲು ಒಳಗಿಡುವುದು, ತೆಗೆಯುವುದು, ಕುಂಯ್ ಎನ್ನುವುದು. ಕರೆಯಬಾರದೆಂದು ಮಿತಾಲಿದಿ ಕಟ್ಟುನಿಟ್ಟಾಗಿ ಹೇಳಿದ್ದರು, ಬಿದ್ದವಳು ಕರೆಯುವುದಿಲ್ಲವಲ್ಲ. ನಾನು ತಣ್ಣನೆಯ ನೆಲಕ್ಕೆ ಕೆನ್ನೆ ಹಚ್ಚಿ ಅದರ ಆ ಒಂದು ಕಾಲನ್ನೇ ನೋಡುತ್ತ ಮಲಗಿರುತ್ತಿದ್ದೆ. ಬಾ ಎನ್ನಲು ಬಾಯಿ ತುರಿಸುತ್ತಿತ್ತು. ವಾರಗಳು ಹೋದವು. ಇವರು ಹೆಣ್ಣಾಳಿನ ವಿಚಾರಣೆ ನಿಲ್ಲಿಸಿರಲಿಲ್ಲ. ಹೊರಗೆ ಈ ವರ್ಷದ ಪೂಜೆಯೂ ಮುಗಿದು ಬಿದಿರು ಬಿಚ್ಚುವ ಸಪ್ಪಳ ಕೇಳುತ್ತಿತ್ತು. ನನಗೆ ಕೂತರೆ ಕೂಡಲಾಗದು, ನಿಂತರೆ ನಿಲ್ಲಲಾಗದು.

ದಾರಿ ಕಂಡದ್ದು ಅತ್ತೆಗೆ. "ಬ್ಯಾಡ ಅಂತ ಮದಲ ಒದರಿದಾಕಿ ನಾನು," ಎಂದರು. "ನಿನ್ನ ಮಾತು ಅದು ಕೇಳಂಗಿಲ್ಲ, ನನ್ನ ಕಡೆ ನೋಡತದ. ನೀ ನೋಡಿಲ್ಲ, ಕಾಲು ಒಳಗಿಡೂಮುಂದ ಹೊಳ್ಳಿ ಹೊಳ್ಳಿ ನನ್ನ ನೋಡತದ." ನೆಲದಿಂದ ನೋಡುತ್ತಿದ್ದ ನನಗೆ ಕಾಲು ಮಾತ್ರ ಕಂಡಿತ್ತು.

ಅವರು ಸ್ನಾನ ಮಾಡಿ ತಮ್ಮ ಮಡಿ ಸೀರೆಯುಟ್ಟು ಬಂದರು. ಆ ಸೀರೆಯಲ್ಲಿ ಮೊಮ್ಮಗಳನ್ನೂ ಎತ್ತಿಕೊಂಡವರಲ್ಲ. ಉಂಡಿಯ ಪಕ್ಕದಲ್ಲಿ, ಮೊಣಕಾಲು ಹಿಡಿದುಕೊಂಡು, "ಅಪ್ಪಾ ತಂದೆ" ಎನ್ನುತ್ತ ನೆಲಕ್ಕೆ ಇಳಿದು, ಅದರ ಬೆನ್ನ ಮೇಲೆ ಕೈ ಇಟ್ಟರು. "ನಡೀ," ಎಂದರು. ಎದ್ದು ನಿಲ್ಲಲಾಗದೆ, ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ ಹೊಸ್ತಿಲು ದಾಟಿದರು. ಉಂಡಿ ಅವರ ಪಕ್ಕದಲ್ಲೇ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂತು. ನನ್ನ ಕೈಗೆ ಒದ್ದೆ ಮೂತಿ ತಾಗಿತು. ನಾನು ಬಿದ್ದವಳ ಹಾಗೆಯೇ ಇರಬೇಕಿತ್ತು, ಇದ್ದೆ. ಅತ್ತೆಯನ್ನು ಎಬ್ಬಿಸಲು ಆಮೇಲೆ ಇವರೂ ಶ್ರೇಯಾಳೂ ಇಬ್ಬರೂ ಬೇಕಾದರು.

ಹಾಗೆ ಹಲವು ದಿನ ಅತ್ತೆಯ ಜೊತೆ ಬಂತು. ಆಮೇಲೆ ಅತ್ತೆ ಹೊಸ್ತಿಲಲ್ಲಿ ನಿಂತರೆ ಬಂತು. ಆಮೇಲೆ ಅತ್ತೆ ಕಾಣದಿದ್ದರೂ ಬಂತು. ಮಿತಾಲಿದಿ ಒಂದು ಬೆಳಿಗ್ಗೆ ಬಂದು ನೋಡಿ, "ಪರೀಕ್ಷೆಯಲ್ಲಿ ಪಾಸು. ನಿಜವಾದದ್ದು ಬಂದಾಗ ಏನು ಮಾಡುತ್ತಾಳೆಂದು ನಾನು ಬರೆದುಕೊಡಲಾರೆ" ಎಂದರು. ಅವರ ಈ ಗುಣ ನನಗೆ ಹಿಡಿಸಿತು. ಡಾಕ್ಟರೂ ಗುಳಿಗೆಯ ಬಗ್ಗೆ ಹಾಗೇ ಹೇಳುತ್ತಿದ್ದರು.

ಚಳಿ ಹಿಡಿದ ಮೇಲೆ ಅತ್ತೆಯ ಕಣ್ಣಿನ ತಪಾಸಣೆ ಬಂತು, ಇವರೇ ಕರೆದುಕೊಂಡು ಹೋಗಬೇಕು. ಶ್ರೇಯಾಳಿಗೆ ಪರೀಕ್ಷೆ. ಊಟದ ಹೊತ್ತಿಗೆ ಪಾಳಿಯ ಮಾತು ಬಂದು, ಯಾರಿಗೂ ಹೊಂದದೆ, ನಿಂತಿತು.

"ನಾ ಇರತೀನಿ," ಎಂದೆ.

ಇವರು ಏನೋ ಹೇಳಲು ಹೋದರು. ಅತ್ತೆ, "ಇರಲಿ ಬಿಡೋ" ಎಂದರು.

ಅವರೆಲ್ಲ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಹಾಲಿನ ನಡುವೆ ನಿಂತೆ. ಇಷ್ಟು ದಿನ ಬೇಡಿದ್ದು ಸಿಕ್ಕಿತ್ತು. ಆದರೆ ಏನು ಮಾಡುವುದೆಂದು ತಿಳಿಯಲಿಲ್ಲ. ಸೋಫಾದ ಮೇಲೆ ಕೂತೆ, ಎದ್ದೆ. ಡಬ್ಬಿಗಳನ್ನು ಒರೆಸಿ ಅದೇ ಜಾಗದಲ್ಲಿಟ್ಟೆ. ಚಮಚವೊಂದನ್ನು ಬೇಕೆಂದೇ ನೆಲಕ್ಕೆ ಬಿಟ್ಟೆ. ಯಾರೂ ಓಡಿಬರಲಿಲ್ಲ. ಉಂಡಿ ಮಾತ್ರ ಒಂದು ಕಣ್ಣು ತೆರೆದು ನೋಡಿತು. ಆಮೇಲೆ ಸ್ನಾನ ಮಾಡಿ, ಹಳದಿ ಸೀರೆಯುಟ್ಟು, ಅನ್ನಕ್ಕಿಟ್ಟೆ.

ಮತ್ತೆ ಆ ಹರಿದ ಹಾಳೆ.

ಕಣ್ಣು ತೆರೆದಾಗ ನಾನು ಅಡಿಗೆಮನೆಯ ನೆಲದ ಮೇಲೆ ಮಗ್ಗುಲಾಗಿದ್ದೆ, ತಲೆಯ ಕೆಳಗೆ ಬೌದಿಯ ಮಡಿಚಿದ ಶಾಲಿತ್ತು. ಹೊಟ್ಟೆಗೆ ಭಾರವಾಗಿ, ಬೆಚ್ಚಗೆ ಉಂಡಿ ಒತ್ತಿಕೊಂಡು ಮಲಗಿತ್ತು. ಅದರ ಗಲ್ಲ ನನ್ನ ನೆರಿಗೆಯ ಮೇಲಿತ್ತು.

"ಒಂದು ಸಲ ಒತ್ತಿದರೆ ಸಾಕೆಂದು ನಿನ್ನ ನಾಯಿಗೆ ಯಾರೂ ಹೇಳಿಲ್ಲವಾ?" ಎಂದರು ಬೌದಿ. "ಸಾಲವಸೂಲಿಯವರ ಹಾಗೆ ಒತ್ತಿತು. ಒಲೆಯ ಮೇಲಿನ ಮೀನು ಬಿಟ್ಟು ಓಡಿಬಂದೆ. ಈಗ ಕರಿದದ್ದೋ ಸುಟ್ಟದ್ದೋ ಹೋಗಿ ನೋಡಬೇಕು." ನಮ್ಮ ಒಲೆಯನ್ನೂ ಅವರೇ ಆರಿಸಿದ್ದರು. ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

ಇವರು ಮಾತಾಡುವ ಮೊದಲೇ ಅತ್ತೆ ಫೋನ್ ಕಸಿದುಕೊಂಡದ್ದು ಕೇಳಿಸಿತು. "ಪೆಟ್ಟಾಗೇದೇನು?"

"ಇಲ್ಲರಿ ಅತ್ಯಾ."

"ಒಳಗ ಬಂತೇನು ಅದು?"

"ಬಂತ್ರಿ. ಸೀರಿ ತುಂಬಾ ಜೊಲ್ಲು ಸುರಿಸೇದ."

ಅತ್ತೆ ಮುಂದೆ ಕೇಳಿದರು: "ನೈವೇದ್ಯ ಆಗಿತ್ತೇನು?"

"ಇಲ್ಲರಿ. ಅನ್ನ ಒಂದು ಆಗೇದ."

ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಮೊದಲು ಆ ಪಾತ್ರೆಯಿಂದ ಒಂದು ಅಗುಳೂ ಯಾರ ಬಾಯಿಗೂ ಹೋಗುವುದಿಲ್ಲ. ಶ್ರೇಯಾ ಚಿಕ್ಕವಳಿದ್ದಾಗ ಅತ್ತು ಹೊರಳಾಡಿದರೂ ಹೋಗಿರಲಿಲ್ಲ.

"ಮದಲ ಅದಕ್ಕ ಹಾಕು," ಎಂದರು ಅತ್ತೆ. "ದೇವರಿಗೆ ಆಮ್ಯಾಲೆ ಬ್ಯಾರೆ ಮಾಡಿದ್ರಾತು. ಅವಸರಿಲ್ಲ ಅವಗ."

ಬೌದಿ ತಟ್ಟೆ ಹಿಡಿದರು, ನಾನು ಕೂತಲ್ಲಿಂದಲೇ ಬಿಸಿ ಅನ್ನ ಆರಿಸಿ ಹಾಕಿದೆ.

ಈಗಲೂ ಗುಳಿಗೆ ನುಂಗುತ್ತೇನೆ, ಈಗಲೂ ಅಪರೂಪಕ್ಕೆ ಬೀಳುತ್ತೇನೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಯಾರಾದರೂ 'ಶಕ್ತಿ ಕಮ್ಮಿ' ಎಂದು ಊರಿಗೆ ಹೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರೆ, ಅವರ ಪಕ್ಕದಲ್ಲಿ ಹೋಗಿ ಕೂತು, ನಿಮಗೆ ಏನು ಬೇಕೆಂದು ಕೇಳಿ. ಏನು ಆಗಬಾರದೆಂದು ಎಲ್ಲರೂ ಹೇಳುತ್ತಾರೆ.

ನಾನೊಬ್ಬಳೇ ಇದ್ದ ಆ ದಿನದ ರಾತ್ರಿ ಊಟಕ್ಕೆ ಕೂತಾಗ ನಾನು ಪಾಳಿಯ ಮಾತಿಗಾಗಿ ಕಾದೆ. ಶ್ರೇಯಾ ಪ್ರಶ್ನೆಪತ್ರಿಕೆಯನ್ನು ಬೈದಳು. ಅತ್ತೆ ಕಣ್ಣಿಗೆ ಬಿಟ್ಟ ಹನಿಯ ಉರಿಯನ್ನು ವರ್ಣಿಸಿದರು. ಇವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ನಾಳೆ ಬೇಗ ಹೋಗಬೇಕು, ಮೀಟಿಂಗ್ ಅದ ಎಂದರು. ನಾಳೆ ನನ್ನ ಜೊತೆ ಯಾರಿರುತ್ತಾರೆ ಎಂದು ಯಾರೂ ಕೇಳಲಿಲ್ಲ.